ಸ್ಪ್ರಿಂಗ್ ಟೆಸ್ಟ್‌ನೊಳಗೆ ಅಪ್ಲಿಕೇಶನ್ ಕಾಂಟೆಕ್ಸ್ಟ್ ಪಡೆಯುವುದು ಹೇಗೆ?

ಪ್ರಶ್ನೆ
ನನ್ನ ಟೆಸ್ಟ್ ಕ್ಲಾಸ್‌ಗೆ ಬೇಕಾದ ಬೀನ್‌ಗಳನ್ನು (ಸ್ಪ್ರಿಂಗ್ ರಚಿಸಿ ನಿರ್ವಹಿಸುವ ಆಬ್ಜೆಕ್ಟ್‌ಗಳನ್ನು) ಜಾವಾ ಫ್ರೇಮ್‌ವರ್ಕ್ ಆದ ಸ್ಪ್ರಿಂಗ್ ತಾನೇ ಒದಗಿಸುತ್ತಿದೆ. ಆದರೆ ಪ್ರೊಟೊಟೈಪ್ ಸ್ಕೋಪಿನ (ಕೇಳಿದಾಗಲೆಲ್ಲ ಹೊಸದಾಗಿ ರಚನೆಯಾಗುವ) ಒಂದು ಬೀನನ್ನು ಎರಡು ಸಲ ಕೇಳಿದರೆ ಎರಡು ಬೇರೆ ಆಬ್ಜೆಕ್ಟ್‌ಗಳು ಬರುತ್ತವೆಯೇ ಎಂದು ಪರೀಕ್ಷಿಸಲು ಕಾಂಟೆಕ್ಸ್ಟ್ (ಬೀನ್‌ಗಳನ್ನು ಇಟ್ಟುಕೊಂಡು ಒದಗಿಸುವ ಕಂಟೇನರ್) ನೇರವಾಗಿ ಬೇಕಾಗಿದೆ. ಸದ್ಯಕ್ಕೆ ಟೆಸ್ಟ್ ಮೆಥಡ್‌ನಲ್ಲೇ ಕ್ಲಾಸ್‌ಪಾತ್ ಎಕ್ಸ್‌ಎಂಎಲ್ ಕಾಂಟೆಕ್ಸ್ಟ್ ಒಂದನ್ನು ಹೊಸದಾಗಿ ರಚಿಸಿದ್ದೇನೆ. ವಿಚಿತ್ರವೆಂದರೆ, ಫೀಲ್ಡ್‌ಗೆ ಬಂದ ಸಿಂಗಲ್‌ಟನ್ ಬೀನ್‌ನಲ್ಲಿ ನಾನು ಸೇರಿಸಿದ ದತ್ತಾಂಶ, ಈ ಕಾಂಟೆಕ್ಸ್ಟ್‌ನಿಂದ ಪಡೆದ ಅದೇ ಹೆಸರಿನ ಬೀನ್‌ನಲ್ಲಿ ಕಾಣುವುದಿಲ್ಲ.

ಉತ್ತರ 1
ಈಗ ನಿಮ್ಮ ಬಳಿ ಎರಡು ಕಂಟೇನರ್‌ಗಳಿವೆ. ಸ್ಪ್ರಿಂಗ್‌ನಲ್ಲಿ ಸಿಂಗಲ್‌ಟನ್ ಎಂದರೆ ಕಂಟೇನರಿಗೊಂದು ಎಂದೇ ಹೊರತು ಇಡೀ ಜೆವಿಎಂಗೆ (ಜಾವಾ ವರ್ಚುವಲ್ ಮೆಷಿನ್‌ಗೆ) ಒಂದು ಎಂದಲ್ಲ. ಆದ್ದರಿಂದ ಆ ಬೀನ್‌ನ ಎರಡು ಪ್ರತಿಗಳು ಹುಟ್ಟಿವೆ. ನೀವು ರಚಿಸಿದ ಕಾಂಟೆಕ್ಸ್ಟನ್ನು ತೆಗೆದುಹಾಕಿ, ಅಪ್ಲಿಕೇಶನ್‌ಕಾಂಟೆಕ್ಸ್ಟ್ ಟೈಪಿನ ಫೀಲ್ಡ್ ಒಂದನ್ನು ಘೋಷಿಸಿ, ಅದಕ್ಕೆ ಆಟೋವೈರ್ಡ್ ಎಂಬ ಅನೊಟೇಶನ್ (ಸ್ಪ್ರಿಂಗ್‌ಗೆ ಸೂಚನೆ ಕೊಡುವ ಗುರುತು) ಹಾಕಿ. ಉಳಿದ ಬೀನ್‌ಗಳಂತೆ ಕಾಂಟೆಕ್ಸ್ಟ್ ಕೂಡ ಬಂದು ಸೇರುತ್ತದೆ. ಜೆಯೂನಿಟ್ 5 ಎಂಬ ಟೆಸ್ಟ್ ಫ್ರೇಮ್‌ವರ್ಕ್‌ನಲ್ಲಿ ಕ್ಲಾಸಿನ ಮೇಲೆ ಸ್ಪ್ರಿಂಗ್‌ಜೆಯೂನಿಟ್‌ಕಾನ್ಫಿಗ್ ಅನೊಟೇಶನ್ ಇದ್ದರೆ ಸಾಕು.

ಉತ್ತರ 2
ಹಳೆಯ ಕೋಡ್‌ನಲ್ಲಿ ಅಬ್‌ಸ್ಟ್ರಾಕ್ಟ್‌ಡಿಪೆಂಡೆನ್ಸಿಇಂಜೆಕ್ಷನ್‌ಸ್ಪ್ರಿಂಗ್‌ಕಾಂಟೆಕ್ಸ್ಟ್‌ಟೆಸ್ಟ್ಸ್ ಎಂಬ ಉದ್ದನೆಯ ಹೆಸರಿನ ಬೇಸ್ ಕ್ಲಾಸ್ ಸಿಕ್ಕರೆ, ಅದರಲ್ಲಿ ಅಪ್ಲಿಕೇಶನ್‌ಕಾಂಟೆಕ್ಸ್ಟ್ ಎಂಬ ಪ್ರೊಟೆಕ್ಟೆಡ್ ಫೀಲ್ಡ್ ಮೊದಲೇ ಇರುತ್ತದೆ. ಆದರೆ ಸ್ಪ್ರಿಂಗ್ 3.0ರಲ್ಲೇ ಆ ಕ್ಲಾಸ್ ಡೆಪ್ರಿಕೇಟ್ ಆಗಿದೆ (ಇನ್ನು ಬಳಸಬೇಡಿ ಎಂದು ಗುರುತಿಸಲಾಗಿದೆ).

ಪ್ರಶ್ನೆ ಕೇಳಿದವರು
ಫೀಲ್ಡ್ ಸೇರಿಸಿದೆ, ಧನ್ಯವಾದಗಳು. ಟೆಸ್ಟ್ ಮೆಥಡ್‌ಗಳಲ್ಲಿ ಸರಿಯಾಗಿದೆ, ಆದರೆ ಕನ್‌ಸ್ಟ್ರಕ್ಟರ್‌ನಲ್ಲಿ ನಲ್ (ಖಾಲಿ ಮೌಲ್ಯ) ಬರುತ್ತಿದೆ.

ಉತ್ತರ 3
ಆಬ್ಜೆಕ್ಟ್ ಹುಟ್ಟಿದ ಮೇಲಷ್ಟೇ ಅದರ ಫೀಲ್ಡ್‌ಗಳನ್ನು ತುಂಬಲು ಸಾಧ್ಯ. ಹಾಗಾಗಿ ಕನ್‌ಸ್ಟ್ರಕ್ಟರ್ ನಡೆಯುವಾಗ ಅಲ್ಲಿ ನಲ್ ಇರುವುದು ಸಹಜ. ಜೆಯೂನಿಟ್ 5ರಲ್ಲಿ ಕಾಂಟೆಕ್ಸ್ಟನ್ನು ಕನ್‌ಸ್ಟ್ರಕ್ಟರಿನ ಪ್ಯಾರಾಮೀಟರ್ ಆಗಿಯೇ ಪಡೆಯಬಹುದು. ಎಲ್ಲ ಟೆಸ್ಟ್‌ಗಳಿಗೂ ಮೊದಲು ಒಮ್ಮೆ ನಡೆಯುವ, ಸ್ಟ್ಯಾಟಿಕ್ ಆದ ಬಿಫೋರ್‌ಆಲ್ ಮೆಥಡ್‌ಗೂ ಇದೇ ದಾರಿ.

ಒಂದು ಎಚ್ಚರಿಕೆ: ಹೀಗೆ ಪಡೆದ ಕಾಂಟೆಕ್ಸ್ಟನ್ನು ಟೆಸ್ಟ್ ಮುಗಿದ ಮೇಲೆ ನೀವಾಗಿಯೇ ಕ್ಲೋಸ್ ಮಾಡಬೇಡಿ. ಒಂದೇ ಕಾನ್ಫಿಗರೇಶನ್ ಇರುವ ಟೆಸ್ಟ್ ಕ್ಲಾಸ್‌ಗಳು ಕ್ಯಾಶ್‌ನಲ್ಲಿರುವ ಒಂದೇ ಕಾಂಟೆಕ್ಸ್ಟನ್ನು ಹಂಚಿಕೊಳ್ಳುತ್ತವೆ. ಕ್ಯಾಶ್‌ನ ಡೀಫಾಲ್ಟ್ ಮಿತಿ 32 ಕಾಂಟೆಕ್ಸ್ಟ್‌ಗಳು. ನೀವು ಮುಚ್ಚಿದ ಕಾಂಟೆಕ್ಸ್ಟೇ ಮುಂದಿನ ಕ್ಲಾಸ್‌ಗೆ ಸಿಕ್ಕರೆ, ತಪ್ಪು ಒಂದು ಕಡೆಯಿದ್ದು ಎರರ್ ಇನ್ನೊಂದು ಕಡೆ ಕಾಣಿಸಿಕೊಂಡು, ಹುಡುಕುವುದರಲ್ಲೇ ದಿನ ಕಳೆದುಹೋಗುತ್ತದೆ. ಬೀನ್‌ಗಳ ಸ್ಥಿತಿ ಕೆಟ್ಟಿದ್ದರೆ ಡರ್ಟೀಸ್‌ಕಾಂಟೆಕ್ಸ್ಟ್ ಅನೊಟೇಶನ್ ಹಾಕಿ; ಆಗ ಸ್ಪ್ರಿಂಗೇ ಆ ಕಾಂಟೆಕ್ಸ್ಟನ್ನು ಕ್ಯಾಶ್‌ನಿಂದ ತೆಗೆದು ಮುಚ್ಚುತ್ತದೆ.

ಉತ್ತರ 1 ಬರೆದವರು
ಅಂದಹಾಗೆ, ಪ್ರೊಟೊಟೈಪ್ ಪರೀಕ್ಷೆಯೊಂದೇ ಉದ್ದೇಶವಾದರೆ ಕಾಂಟೆಕ್ಸ್ಟ್ ಕೂಡ ಬೇಕಿಲ್ಲ. ಕೇಳಿದಾಗ ಬೀನ್ ತಂದುಕೊಡುವ ಆಬ್ಜೆಕ್ಟ್‌ಪ್ರೊವೈಡರ್ ಟೈಪಿನ ಫೀಲ್ಡ್ ಇಟ್ಟು, ಗೆಟ್‌ಆಬ್ಜೆಕ್ಟ್ ಅನ್ನು ಎರಡು ಸಲ ಕರೆದು, ಎರಡೂ ಬೇರೆ ಆಬ್ಜೆಕ್ಟ್‌ಗಳೇ ಎಂದು ನೋಡುವ ಅಸರ್ಟ್‌ನಾಟ್‌ಸೇಮ್‌ನಿಂದ ಹೋಲಿಸಿ.