ಹತ್ತು ಅಡಿ ರೂಮಿಗೆ ಎಷ್ಟು ಥರದ ಸೀಟು ಬೇಕು?

ಪುಟ್ಟಿ, ಮಕ್ಕಳಿಗೆ ಮಾತು ಕಲಿಸುವ ನಿನ್ನ ಸ್ಪೀಚ್ ಥೆರಪಿ ರೂಮಿಗೆ ಕೊಳ್ಳಬೇಕು ಅಂತ ನೀನು ನಮ್ಮ ಮನೆಯವರ ಗ್ರೂಪಿಗೆ ಹಾಕಿದ ಸೀಟುಗಳ ಫೋಟೋಗಳನ್ನೆಲ್ಲ ನೋಡಿದೆ. ನಾಲ್ಕು ಬೀನ್ ಬ್ಯಾಗು, ಎರಡು ಜಿಮ್ ಬಾಲು, ಅಲ್ಲಾಡುವ ಸ್ಟೂಲು, ಮೇಲೊಂದು ಜೋಕಾಲಿ. ಹತ್ತಡಿಗೆ ಹತ್ತಡಿ ರೂಮು ಕಣೇ ಅದು! ನಿನ್ನ ಟೇಬಲ್ಲು, ಆಟದ ಸಾಮಾನಿನ ಕಪಾಟು, ಮಗುವಿನ ಜೊತೆ ಬರುವ ಅಜ್ಜಿಗೊಂದು ಕುರ್ಚಿ, ಎಲ್ಲ ಅದರಲ್ಲೇ ಆಗಬೇಕು ಅಲ್ವಾ?

ಚಿಕ್ಕಪ್ಪ 'ಎಲ್ಲ ಬೀನ್ ಬ್ಯಾಗೇ ಹಾಕಿಬಿಡು, ಮಕ್ಕಳಿಗೆ ಖುಷಿ' ಅಂದಿದ್ದಾರೆ. ಖುಷಿಯೇನೋ ಹೌದು ಚಿಕ್ಕಪ್ಪ, ಆದರೆ ಇವಳು ಕೊಡುವುದು ಸ್ಪೀಚ್ ಥೆರಪಿ. ಬೀನ್ ಬ್ಯಾಗಿನಲ್ಲಿ ಮಗು ಹೂತುಹೋಗುತ್ತದೆ, ಬೆನ್ನು ಬಾಗುತ್ತದೆ, ಗದ್ದ ಎದೆಗೆ ಬರುತ್ತದೆ, ಹೊಟ್ಟೆ ಮಡಚಿಕೊಳ್ಳುತ್ತದೆ. ಹಾಗೆ ಕೂತು ಗಟ್ಟಿಯಾಗಿ ನಾಲ್ಕು ಸಲ 'ಪ' ಅಂದು ನೋಡಿ, ಉಸಿರು ಎಲ್ಲಿ ಸಾಲುತ್ತೆ? ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸಾಮಾನ್ಯವಾಗಿ ಮೈ ಸಡಿಲ ಇರುತ್ತದೆ, ಅವರಿಗಂತೂ ಅದರಿಂದ ಎದ್ದು ಬರುವುದೇ ದೊಡ್ಡ ಕೆಲಸ. ಒಂದೇ ಒಂದು ಇಟ್ಟುಕೋ ಪುಟ್ಟಿ, ಕಥೆ ಕೇಳುವುದಕ್ಕೆ, ಇಲ್ಲಾಂದ್ರೆ ಅತ್ತು ರಂಪ ಮಾಡಿದ ಮಗು ಸಮಾಧಾನ ಆಗುವುದಕ್ಕೆ. ಮಕ್ಕಳ ಕೈಗೆ ತೆರೆಯಲು ಬರದಂಥ ಜಿಪ್ಪು ಇರಬೇಕು. ಒಳಗಿನ ಥರ್ಮಾಕೋಲ್ ಕಾಳು ಬಾಯಿಗೋ ಮೂಗಿಗೋ ಹೋದರೆ ಕಷ್ಟ.

ದುಡ್ಡು ಹಾಕುವುದಾದರೆ ಮೊದಲು ಕುರ್ಚಿಗೆ ಹಾಕು. ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಕಾಲು ನೇತಾಡುತ್ತಿದ್ದರೆ ಮಗು ಜಾರುತ್ತಾ, ಒದೆಯುತ್ತಾ, ಪಕ್ಕಕ್ಕೆ ವಾಲುತ್ತಾ ಇರುತ್ತದೆ, ನಾವು ಅದನ್ನು ಹಟ ಅಂದುಕೊಳ್ಳುತ್ತೇವೆ. ಯುರೋಪಿನಲ್ಲಿ ಶಾಲೆ ಕುರ್ಚಿಗಳಿಗೆ ಇಎನ್ 1729 ಅಂತ ಒಂದು ಮಾನದಂಡ ಇದೆ. ಅದರಲ್ಲಿ ಚಿಕ್ಕ ಮಕ್ಕಳ ಸೀಟಿನ ಎತ್ತರ 26 ಸೆಂ.ಮೀ., ಆಮೇಲೆ 31, 35, 38 ಹೀಗೆ ಏರುತ್ತಾ ಹೋಗುತ್ತದೆ. ನಮ್ಮ ಡೈನಿಂಗ್ ಕುರ್ಚಿ ಸುಮಾರು 45 ಇರುತ್ತದೆ, ನಾಲ್ಕು ವರ್ಷದ ಮಗುವನ್ನು ಅದರ ಮೇಲೆ ಕೂರಿಸಿದರೆ ಏನಾಗುತ್ತೆ ನೀನೇ ಹೇಳು. ಅಷ್ಟು ಸೈಜು ನೀನು ಕೊಳ್ಳಬೇಕಿಲ್ಲ. ಎರಡು ಸೈಜು ಸಾಕು, ಮಿಕ್ಕಿದ್ದಕ್ಕೆ ಕಾಲ ಕೆಳಗೆ ಮಣೆ ಇಡು. ನಮ್ಮ ಅಟ್ಟದ ಮೇಲೆ ಸುಮ್ನೆ ಧೂಳು ತಿನ್ನುತ್ತಾ ಬಿದ್ದಿವೆ.

ಕೂತಲ್ಲಿ ಕೂರದ ಮಕ್ಕಳಿಗೆ ಹಳೇ ಸೈಕಲ್ ಟ್ಯೂಬು. ನಗಬೇಡ! ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಹಾಗೇ ಕೊಡುತ್ತಾರೆ. ಉದ್ದಕ್ಕೆ ಕತ್ತರಿಸಿ, ಒಳಗಿನ ಪೌಡರ್ ಹೋಗುವ ಹಾಗೆ ಸೋಪು ಹಾಕಿ ತೊಳೆದು, ಕುರ್ಚಿಯ ಮುಂದಿನ ಎರಡು ಕಾಲಿಗೆ ಅಡ್ಡಲಾಗಿ, ಮಗುವಿನ ಕಣಕಾಲಿನ ಎತ್ತರಕ್ಕೆ ಬಿಗಿಯಾಗಿ ಕಟ್ಟಬೇಕು. ಮಗು ಅದನ್ನು ಕಾಲಿನಿಂದ ಒತ್ತುತ್ತಾ, ಎಳೆಯುತ್ತಾ ಕೂತಿರುತ್ತದೆ, ಸದ್ದಿಲ್ಲ, ಕೈ ಮಾತ್ರ ಟೇಬಲ್ ಮೇಲೆ. ಕುರ್ಚಿ ಮರದ್ದೇ ಆಗಿರಲಿ, ಹಗುರ ಪ್ಲಾಸ್ಟಿಕ್ ಆದರೆ ಮಗುಚಿಕೊಳ್ಳುತ್ತದೆ.

ಜಿಮ್ ಬಾಲ್ ಬಗ್ಗೆ ನೀನು ಕೇಳಿದ್ದೆಯಲ್ಲ. ಆಟಿಸಂ, ಇಲ್ಲವೇ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ಎಡಿಎಚ್‌ಡಿ ಇರುವ ಮಕ್ಕಳನ್ನು ಬಾಲ್ ಮೇಲೆ ಕೂರಿಸಿ ಅಧ್ಯಯನ ಮಾಡಿದ್ದಾರೆ. ಫಲಿತಾಂಶ ಎಲ್ಲ ಕಡೆ ಒಂದೇ ಥರ ಬಂದಿಲ್ಲ. ಕೆಲವು ಮಕ್ಕಳು ಚೆನ್ನಾಗಿ ಗಮನ ಕೊಟ್ಟರು, ಕೆಲವರಿಗೆ ಏನೂ ವ್ಯತ್ಯಾಸ ಆಗಲಿಲ್ಲ. ಬೇಕೇ ಬೇಕಾದರೆ ಕೂತಾಗ ಮಗುವಿನ ಪಾದ ನೆಲಕ್ಕೆ ತಾಗುವಂಥ ಸೈಜಿನದು ಒಂದು ತಗೋ, ಉರುಳದ ಹಾಗೆ ಕೆಳಗೆ ರಿಂಗ್ ಇರಲಿ. ನನ್ನ ಕೇಳಿದರೆ ಅದಕ್ಕಿಂತ ಮನೆಯ ಉದ್ದನೆ ಉರುಟು ದಿಂಬು, ಲೋಡೇ ವಾಸಿ. ಕುದುರೆ ಮೇಲೆ ಕೂತ ಹಾಗೆ ಎರಡೂ ಕಡೆ ಕಾಲು ಹಾಕಿ ಕೂರಿಸಿ, ಎದುರಿಗೆ ನೀನು ಚಾಪೆ ಮೇಲೆ ಕೂತರೆ ನಿನ್ನ ಬಾಯಿ ಮಗುವಿನ ಕಣ್ಣಿನ ನೇರಕ್ಕೇ ಬರುತ್ತದೆ. ಅದರ ಉಪಯೋಗ ಏನು ಅಂತ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಓದಿದವಳಿಗೆ ನಾನು ಹೇಳಬೇಕಾ?

ಜೋಕಾಲಿ ಸದ್ಯಕ್ಕೆ ಬಿಡು. ಅದು ದಿನನಿತ್ಯದ ಚಟುವಟಿಕೆಗಳ ತರಬೇತಿ ಕೊಡುವ ಆಕ್ಯುಪೇಶನಲ್ ಥೆರಪಿಸ್ಟ್ ಜೊತೆಗಿದ್ದಾಗ ಮಾಡುವ ಕೆಲಸ, ಆ ಹಳೇ ಸೂರು ಭಾರ ತಡೆಯುತ್ತೋ ಇಲ್ವೋ ಬೇರೆ.

ಇನ್ನೊಂದು. ಎಲ್ಲ ಸೀಟೂ ಒಟ್ಟಿಗೆ ಕಣ್ಣಿಗೆ ಬಿದ್ದರೆ ಮಗು ಒಂದರಿಂದ ಒಂದಕ್ಕೆ ಹಾರುತ್ತಾ ಇರುತ್ತದೆ, ನಿನ್ನ ಮುಕ್ಕಾಲು ಗಂಟೆ ಅದರಲ್ಲೇ ಮುಗಿಯುತ್ತದೆ. ಎರಡನ್ನು ಮಾತ್ರ ಹೊರಗಿಟ್ಟು 'ಚಾಪೆನಾ, ಕುರ್ಚಿನಾ' ಅಂತ ಕೇಳು, ಉಳಿದದ್ದು ಪರದೆ ಹಿಂದೆ ಇರಲಿ. ಇನ್ನೂ ಮಾತು ಬರದ ಮಗು ಕೈ ತೋರಿಸಿದರೂ ಅದು ಉತ್ತರವೇ.

ಆರ್ಡರ್ ಇನ್ನೂ ಹಾಕಿಲ್ಲ ತಾನೆ? ಮೊದಲು ಬರುವ ನಾಲ್ಕೈದು ಮಕ್ಕಳನ್ನು ನಿಲ್ಲಿಸಿ, ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ ಟೇಪ್ ಹಿಡಿದು ಅಳತೆ ಕಳಿಸು, ಬಡಗಿ ಹತ್ತಿರ ನಾನು ಮಾತಾಡುತ್ತೇನೆ.