ಅಜ್ಜ-ಅಜ್ಜಿ, ಮಕ್ಕಳ ಜೊತೆ ಕ್ರೂಗರ್: ಯಾವ ತಿಂಗಳು, ಎಷ್ಟು ಕ್ಯಾಂಪ್, ಊಟಕ್ಕೇನು?

ಕೇಳಿದ್ದು, ಬೆಂಗಳೂರಿನಿಂದ

ದಕ್ಷಿಣ ಆಫ್ರಿಕಾದ ಕ್ರೂಗರ್ ನ್ಯಾಷನಲ್ ಪಾರ್ಕ್‌ಗೆ ಆರು ಜನ ಹೋಗಬೇಕೆಂದಿದ್ದೇವೆ. ನಾವಿಬ್ಬರು, 7 ಮತ್ತು 10 ವರ್ಷದ ಮಕ್ಕಳು, 68ರ ಮಾವ, 64ರ ಅತ್ತೆ. ಎಲ್ಲರೂ ಸಸ್ಯಾಹಾರಿಗಳು. ಬೇಸಿಗೆ ರಜೆಯೋ ದಸರಾ ರಜೆಯೋ ತೀರ್ಮಾನ ಆಗಿಲ್ಲ. ಆರು ರಾತ್ರಿ, ಪಾರ್ಕಿನೊಳಗಿನ ನಾಲ್ಕು ವಸತಿ ಕ್ಯಾಂಪ್, ಕಾರು ನಾವೇ ಓಡಿಸುವುದು ಅಂತ ಅಂದಾಜು. ಮಾವನಿಗೆ ಗೈಡ್ ಜೊತೆ ಕಾಡಲ್ಲಿ ನಡೆಯುವ ಆಸೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಜೊಹಾನೆಸ್‌ಬರ್ಗ್‌ನಿಂದ

ನಾಲ್ಕು ಕ್ಯಾಂಪನ್ನು ಎರಡಕ್ಕೆ ಇಳಿಸಿ. ಉಳಿದದ್ದೆಲ್ಲ ಆಮೇಲೆ. ಕ್ರೂಗರ್ ಉತ್ತರ-ದಕ್ಷಿಣ ಸುಮಾರು 360 ಕಿ.ಮೀ. ಉದ್ದ ಇದೆ. ಬಂಡೀಪುರದ ಅಳತೆಯಲ್ಲಿ ಯೋಚಿಸಿದರೆ ಲೆಕ್ಕ ತಪ್ಪುತ್ತದೆ. ಟಾರು ರಸ್ತೆಯಲ್ಲಿ ಗಂಟೆಗೆ 50, ಮಣ್ಣು ರಸ್ತೆಯಲ್ಲಿ 40 ಕಿ.ಮೀ. ಮಿತಿ, ಮೀರಿದರೆ ದಂಡ. ನಿಂತು ನಿಂತು ನೋಡುತ್ತಾ ಹೋದರೆ ಗಂಟೆಗೆ 20–25 ಕಿ.ಮೀ. ಸಾಗಿದರೆ ಹೆಚ್ಚು. ರೂಮು ಬೆಳಗ್ಗೆ 10ಕ್ಕೆ ಬಿಡಬೇಕು, ಹೊಸದು ಸಿಗುವುದು ಮಧ್ಯಾಹ್ನ 2ಕ್ಕೆ. ದಿನ ಬಿಟ್ಟು ದಿನ ಗಂಟುಮೂಟೆ ಕಟ್ಟಿದರೆ ಹಿರಿಯರಿಗೂ ಮಕ್ಕಳಿಗೂ ಸುಸ್ತು, ಪ್ರಾಣಿ ಕಾಣುವ ಹೊತ್ತೂ ಹೋಗುತ್ತದೆ.

ಲೋವರ್ ಸಾಬಿಯಲ್ಲಿ ಮೂರು ರಾತ್ರಿ, ಸತಾರಾದಲ್ಲಿ ಮೂರು ರಾತ್ರಿ ಸಾಕು. ಲೋವರ್ ಸಾಬಿ ಹೊಳೆದಂಡೆಯ ಕ್ಯಾಂಪ್. ಅಲ್ಲಿನ ಹೋಟೆಲ್ ಜಗುಲಿಯಲ್ಲಿ ಕೂತರೆ ಅಜ್ಜಿಗೆ ನೀರಾನೆ, ಆನೆ ಕೂತಲ್ಲೇ ಕಾಣುತ್ತವೆ. ಗೇಟಿನಿಂದ ಒಂದು ಕಿ.ಮೀ. ಆಸುಪಾಸಿನಲ್ಲೇ ಸನ್‌ಸೆಟ್ ಡ್ಯಾಮ್, ಮೊಸಳೆ ನೋಡಲು ಮಕ್ಕಳಿಗೆ ಒಳ್ಳೆಯ ಜಾಗ. ಸತಾರಾ ಹುಲ್ಲುಗಾವಲಿನ ಸೀಮೆ. ಸಿಂಹ, ಚೀತಾ ಹುಡುಕುವವರು ಎಸ್100 ಮಣ್ಣು ರಸ್ತೆಯನ್ನು ಗೇಟು ತೆರೆದ ಕೂಡಲೇ ಹಿಡಿಯುತ್ತಾರೆ. ಇವೆರಡರ ನಡುವೆ ಸುಮಾರು 90 ಕಿ.ಮೀ. ಅದು ಅರ್ಧ ದಿನದ ದಾರಿ. ನಡುದಾರಿಯ ತಂಗುದಾಣ ತ್ಶೋಕ್ವಾನೆಯಲ್ಲಿ ಇಳಿದು ತಿಂಡಿ ತಿನ್ನಿ.

ವಿಮಾನ ಇಳಿದ ದಿನವೇ ಪಾರ್ಕ್ ಮುಟ್ಟುವ ಯೋಚನೆ ಬೇಡ. ಜೊಹಾನೆಸ್‌ಬರ್ಗ್‌ನಿಂದ ಎನ್4 ಹೆದ್ದಾರಿಯಲ್ಲಿ ಕ್ರೊಕೊಡೈಲ್ ಬ್ರಿಡ್ಜ್ ಗೇಟಿಗೆ ಐದು ಗಂಟೆ ಬೇಕು, ಅಲ್ಲಿಂದ ಲೋವರ್ ಸಾಬಿಗೆ ಇನ್ನೂ 34 ಕಿ.ಮೀ. ಮೇ ತಿಂಗಳಲ್ಲಿ ಗೇಟು ಸಂಜೆ 5:30ಕ್ಕೆ ಮುಚ್ಚುತ್ತದೆ. ಗೇಟಿಗೆ ಹತ್ತಿರದ ಊರು ಕೊಮಾಟಿಪೋರ್ಟ್‌ನಲ್ಲಿ ರಾತ್ರಿ ತಂಗಿ, ಬೆಳಗ್ಗೆ 6ಕ್ಕೆ ಗೇಟಿನ ಮುಂದಿರಿ. ಒಳಗೂ ಅಷ್ಟೆ: ಕ್ಯಾಂಪಿಗೆ ಮರಳಲು ಒಂದು ಗಂಟೆ ಹೆಚ್ಚೇ ಇಟ್ಟುಕೊಳ್ಳಿ. ದಾರಿಗೆ ಅಡ್ಡ ನಿಂತ ಆನೆ ಹಿಂಡು ಅರ್ಧ ಗಂಟೆ ಅಲುಗದಿರಬಹುದು.

ಫೋರ್ ವೀಲ್ ಡ್ರೈವ್ ಬೇಕಿಲ್ಲ. ಆರು ಜನಕ್ಕೆ ಏಳು ಸೀಟಿನ ಕಾರು ತೆಗೆದುಕೊಂಡರೆ ಹಿಂದಿನ ಸಾಲಿಗೆ ಕಿಟಕಿ ತೆರೆಯದು, ಸೂಟ್‌ಕೇಸಿಗೆ ಜಾಗವಿರದು. ಎಂಟು ಸೀಟಿನ ವ್ಯಾನ್ ಕೇಳಿ. ಎತ್ತರದಲ್ಲಿ ಕೂತವರಿಗೆ ಹುಲ್ಲಿನಾಚೆ ಕಾಣುತ್ತದೆ. ಅಲ್ಲೂ ನಮ್ಮಂತೆ ಎಡಬದಿ ಓಡಾಟ. ಡಿಎಲ್ ಜೊತೆ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಪರ್ಮಿಟ್ ಇರಲಿ. ಠೇವಣಿಗೆ ಓಡಿಸುವವರದೇ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಗಂಡನ ಲೈಸೆನ್ಸ್, ಹೆಂಡತಿಯ ಕಾರ್ಡ್ ಆದರೆ ಕೌಂಟರಿನಲ್ಲೇ ಸಿಕ್ಕಿಕೊಳ್ಳುತ್ತೀರಿ.

ಮೈಸೂರಿನಿಂದ

ತಿಂಗಳ ಬಗ್ಗೆ: ಏಪ್ರಿಲ್ ಬೇಡ, ಮೇ ಕೊನೆಯ ಎರಡು ವಾರ ಹಿಡಿಯಿರಿ. ಅಲ್ಲಿ ಮಳೆಗಾಲ ಮುಗಿಯುವುದೇ ಮಾರ್ಚ್-ಏಪ್ರಿಲ್‌ನಲ್ಲಿ, ಆಗ ಹುಲ್ಲು ಎದೆಮಟ್ಟ. ಹತ್ತಡಿಯಲ್ಲಿ ಸಿಂಹ ಮಲಗಿದ್ದರೂ ಕಾಣದು. ಮೇ ಕೊನೆಗೆ ಹುಲ್ಲು ಒಣಗಿ ಬೀಳುತ್ತದೆ, ಕಾಡಿನ ಒಳಗಿನ ಗುಂಡಿಗಳು ಬತ್ತುತ್ತವೆ, ಪ್ರಾಣಿಗಳು ಹೊಳೆಗೆ ಬರಲೇಬೇಕು. ದಸರಾ ಹೊತ್ತಿಗೆ ಇನ್ನೂ ಚೆನ್ನಾಗಿ ಕಾಣುತ್ತವೆ, ಒಪ್ಪುತ್ತೇನೆ. ಆದರೆ ಬಿಸಿಲು 35 ಡಿಗ್ರಿ ದಾಟುವುದು ಸಾಮಾನ್ಯ, ಹಿರಿಯರಿಗೆ ಕಷ್ಟ. ಮೇನಲ್ಲಿ ಬೆಳಗಿನ ಚಳಿ 10 ಡಿಗ್ರಿ ಆಸುಪಾಸು. ಸ್ವೆಟರ್, ಕುಲಾವಿ ಬೇಕು. ರೂಮುಗಳನ್ನು ಹತ್ತು-ಹನ್ನೊಂದು ತಿಂಗಳು ಮೊದಲೇ ಕಾಯ್ದಿರಿಸುವವರಿದ್ದಾರೆ, ತಡ ಮಾಡಬೇಡಿ.

ನೋಡುವ ಬಗೆ ಮಕ್ಕಳಿಗೆ ಮೊದಲೇ ಹೇಳಿಕೊಡಿ. ಸಿಂಹವನ್ನೇ ಹುಡುಕಿದರೆ ಸಿಗದು. ಇಂಪಾಲಾ ಜಿಂಕೆಗಳೆಲ್ಲ ಮೇಯುವುದು ಬಿಟ್ಟು ಒಂದೇ ಕಡೆ ಕಿವಿ ನಿಮಿರಿಸಿದ್ದರೆ, ಜಿರಾಫೆ ನಿಂತಲ್ಲೇ ದಿಟ್ಟಿಸುತ್ತಿದ್ದರೆ, ಅವು ನೋಡುತ್ತಿರುವ ಕಡೆ ನೀವೂ ನೋಡಿ. ಎಂಜಿನ್ ಆರಿಸಿ ಹತ್ತು ನಿಮಿಷ ಕಾಯಿರಿ. ದೂರದರ್ಶಕ ದೊಡ್ಡವರಿಗೆ 8×42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಗಾಜಿನದು), ಮಕ್ಕಳ ಕೈಗೆ ಹಗುರವಾದ 8×30. ಆರು ಜನಕ್ಕೆ ಒಂದೇ ಇದ್ದರೆ ಜಗಳ ಖಂಡಿತ, ಮೂರಾದರೂ ಇರಲಿ.

ಆನೆ ವಿಷಯದಲ್ಲಿ ಮಾತ್ರ ಸಲುಗೆ ಬೇಡ. ಒಂಟಿ ಗಂಡಾನೆ ಎದುರಾದರೆ ಕಣ್ಣು-ಕಿವಿಯ ನಡುವೆ ನೋಡಿ. ಅಲ್ಲಿಂದ ಕೆನ್ನೆಯ ಮೇಲೆ ಕಪ್ಪು ಗೆರೆ ಒದ್ದೆಯಾಗಿ ಇಳಿದಿದ್ದು, ಹಿಂಗಾಲು ಮೂತ್ರದಿಂದ ತೊಯ್ದಿದ್ದರೆ ಮದ ಬಂದಿದೆ ಎಂದರ್ಥ. ಹಾರನ್ ಬೇಡ, ಪಕ್ಕದಲ್ಲಿ ನುಸುಳುವುದೂ ಬೇಡ. ನೂರು ಮೀಟರ್ ದೂರದಲ್ಲೇ ರಿವರ್ಸ್ ತೆಗೆದು ದಾರಿ ಬಿಟ್ಟುಕೊಡಿ. ಹಿಂದೆ ಇನ್ನೊಂದು ಕಾರು ಅಂಟಿಕೊಂಡಿದ್ದರೆ ರಿವರ್ಸ್ ಆಗದು, ಆದ್ದರಿಂದ ಕನ್ನಡಿಯ ಮೇಲೂ ಒಂದು ಕಣ್ಣಿರಲಿ. ಮರಿಗಳಿರುವ ಹಿಂಡಿನ ಮಧ್ಯೆ ಕಾರು ನುಗ್ಗಿಸಬೇಡಿ.

ಇನ್ನೊಂದು ಮನವಿ. ಘೇಂಡಾಮೃಗ ಕಂಡರೆ ಜಾಗದ ಗುರುತಿರುವ ಫೋಟೊ ಹಾಕಬೇಡಿ, ಫೋನಿನ ಲೊಕೇಶನ್ ಆರಿಸಿಡಿ. ಕೊಂಬಿಗಾಗಿ ಕೊಲ್ಲುವವರು ಅದನ್ನೇ ಕಾಯುತ್ತಿರುತ್ತಾರೆ.

ಹುಬ್ಬಳ್ಳಿಯ ಮಕ್ಕಳ ವೈದ್ಯೆ

ಕ್ರೂಗರ್ ಮಲೇರಿಯಾ ಇರುವ ಸೀಮೆ. ಸೆಪ್ಟೆಂಬರ್‌ನಿಂದ ಮೇವರೆಗೆ ಅಪಾಯ ಹೆಚ್ಚು. ಮೇ ಆದರೂ, ದಸರಾ ಆದರೂ ಮಲೇರಿಯಾ ತಡೆಯುವ ಮಾತ್ರೆ ಬೇಕೇ ಎಂದು ನಿಮ್ಮ ವೈದ್ಯರನ್ನು ಒಂದು ತಿಂಗಳು ಮೊದಲೇ ಕೇಳಿ. ಡಾಕ್ಸಿಸೈಕ್ಲಿನ್ 8 ವರ್ಷದೊಳಗಿನವರಿಗೆ ಕೊಡುವುದಿಲ್ಲ, ನಿಮ್ಮ ಕಿರಿಯ ಮಗುವಿಗೆ ಅದು ಆಗದು. ಅಟೊವಾಕ್ವೋನ್-ಪ್ರೊಗ್ವಾನಿಲ್ ಮಕ್ಕಳಿಗೆ ತೂಕ ನೋಡಿ ಕೊಡುತ್ತಾರೆ: ಹೋಗುವ ಒಂದೆರಡು ದಿನ ಮೊದಲು ಶುರು, ಅಲ್ಲಿಂದ ಹೊರಟ ಮೇಲೂ 7 ದಿನ, ಊಟದ ಜೊತೆ. ಎಲ್ಲರೂ ತಪ್ಪುವುದು ಆ ಕೊನೆಯ ಏಳು ದಿನದಲ್ಲೇ. ಅತ್ತೆ-ಮಾವ ಬಿಪಿಗೆ, ರಕ್ತ ತೆಳುವಾಗಲು ಮಾತ್ರೆ ನುಂಗುತ್ತಿದ್ದರೆ ಚೀಟಿ ತೋರಿಸಿ. ಸಂಜೆಯಿಂದ ಬೆಳಗಿನವರೆಗೆ ತುಂಬು ತೋಳಿನ ಬಟ್ಟೆ, ಸೊಳ್ಳೆ ಔಷಧ. ಹಿಂತಿರುಗಿ ಮೂರು ತಿಂಗಳೊಳಗೆ ಯಾರಿಗೇ ಜ್ವರ ಬಂದರೂ ಅದೇ ದಿನ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ, ಆಫ್ರಿಕಾಕ್ಕೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಹಳದಿ ಜ್ವರದ ಲಸಿಕೆ ಭಾರತದಿಂದ ನೇರವಾಗಿ ದಕ್ಷಿಣ ಆಫ್ರಿಕಾಕ್ಕೆ ಹೋಗುವವರಿಗೆ ಬೇಡ. ಆದರೆ ಅಡಿಸ್ ಅಬಾಬಾ, ನೈರೋಬಿ ದಾರಿಯಲ್ಲಿ 12 ಗಂಟೆಗಿಂತ ಹೆಚ್ಚು ಕಾಯುವ ಟಿಕೆಟ್ ಆದರೆ ಕಾರ್ಡ್ ಕೇಳುತ್ತಾರೆ. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲಷ್ಟೇ ಕಾರ್ಡಿಗೆ ಬೆಲೆ. 60 ದಾಟಿದವರಿಗೆ ಅಡ್ಡಪರಿಣಾಮ ಹೆಚ್ಚು, ಆದ್ದರಿಂದ ಕಡಿಮೆ ಕಾಯುವ ಟಿಕೆಟ್ ಆರಿಸುವುದೇ ಮೇಲು.

ಡರ್ಬನ್‌ನಿಂದ

ಊಟಕ್ಕೆ ಹೆದರಬೇಡಿ. ಕಾಯ್ದಿರಿಸುವಾಗ ಅಡುಗೆ ಒಲೆ, ಪಾತ್ರೆ ಎರಡೂ ಇರುವ ಬಂಗಲೆಯೇ ಎಂದು ನೋಡಿ. ಕೆಲವಕ್ಕೆ ಸಾಮೂಹಿಕ ಅಡುಗೆಮನೆ ಮಾತ್ರ. ಕರೆಂಟ್ ಒಲೆ ನಿಧಾನ, ತಳ ಚಪ್ಪಟೆ ಇರುವ 3 ಲೀಟರ್ ಕುಕ್ಕರ್ ತನ್ನಿ. ಸಾಂಬಾರ್ ಪುಡಿಯಂಥದ್ದು ಪ್ಯಾಕೆಟ್ ಒಡೆಯದೆ ತಂದು ಕಸ್ಟಮ್ಸ್‌ನಲ್ಲಿ ಹೇಳಿ. ತುಪ್ಪ, ಹಾಲಿನ ಸಿಹಿ, ಜೇನು, ಹಸಿ ಕರಿಬೇವು ಬೇಡ. ಅಕ್ಕಿ-ಬೇಳೆ ಎನ್4 ದಾರಿಯಲ್ಲಿ ಸಿಗುವ ಎಂಬೊಂಬೆಲಾ ನಗರದ ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತವೆ. ದಿನಕ್ಕೊಂದು ಹೊತ್ತು ಅನ್ನ ಎಂದರೆ ಆರು ದಿನಕ್ಕೆ 4 ಕೆಜಿ ಅಕ್ಕಿ, ಒಂದು ಕೆಜಿ ಬೇಳೆ. ಕ್ಯಾಂಪ್ ಅಂಗಡಿಯಲ್ಲಿ ತರಕಾರಿ ಕಡಿಮೆ.

ಮೊಸರಿಗೆ ಅಮಾಸಿ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಮಾಸ್ ಅಂತಲೂ ಬರೆದಿರುತ್ತದೆ. ಅಲ್ಲಾಡಿಸದೆ ಬಗ್ಗಿಸಿದರೆ ಗಡ್ಡೆಗಡ್ಡೆಯಾಗಿ ಬೀಳುತ್ತದೆ, ಕುಲುಕಿದರೆ ಗಟ್ಟಿ ಮಜ್ಜಿಗೆ. ಹುಳಿ ಸ್ವಲ್ಪ ಮುಂದು. ಬಿಸಿ ಅನ್ನ ಹಿಸುಕಿ, ಅರ್ಧ ಹಾಲು ಅರ್ಧ ಅಮಾಸಿ ಹಾಕಿ ಒಗ್ಗರಣೆ ಕೊಟ್ಟರೆ ಅಜ್ಜಿಗೂ ಒಪ್ಪುವ ಮೊಸರನ್ನ.

ಫ್ರಿಜ್ ಹಲವು ಬಂಗಲೆಗಳಲ್ಲಿ ಜಗುಲಿಯಲ್ಲೇ ಇರುತ್ತದೆ. ಮಂಗಗಳಿಗೆ ಅದರ ಬಾಗಿಲು ತೆಗೆಯಲು ಬರುತ್ತದೆ. ಚಿಲಕ ಹಾಕಿ, ಇಲ್ಲದಿದ್ದರೆ ಬಾಗಿಲನ್ನು ಗೋಡೆಗೆ ತಿರುಗಿಸಿ. ಬಾಳೆಹಣ್ಣು ಮೇಜಿನ ಮೇಲೆ ಬಿಟ್ಟು ಒಳಗೆ ಹೋಗಬೇಡಿ. ಮಕ್ಕಳ ಕೈಯಿಂದ ಬಿಸ್ಕತ್ತು ಕಿತ್ತುಕೊಳ್ಳುವಾಗ ಉಗುರು ತಗುಲಿದರೆ ರೇಬೀಸ್ ಚುಚ್ಚುಮದ್ದಿಗೆ ಓಡಬೇಕಾಗುತ್ತದೆ.

ಪ್ಲಗ್: ನಮ್ಮ ಗೀಸರ್‌ಗೆ ಹಾಕುವ ದಪ್ಪ ಮೂರು ಪಿನ್ನಿನದೇ ಅಲ್ಲೂ. 16 ಆಂಪಿಯರ್ ಕನ್ವರ್ಟರ್ ಎರಡು ತನ್ನಿ. ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಅಪ್ಪ-ಅಮ್ಮ ಇಬ್ಬರ ಹೆಸರೂ ಇರಬೇಕು, ಮೂಲ ಪ್ರತಿ ಕೈಚೀಲದಲ್ಲಿರಲಿ.

ಮತ್ತೆ ಜೊಹಾನೆಸ್‌ಬರ್ಗ್‌ನಿಂದ

ಮಾವನ ಆಸೆಯ ಬಗ್ಗೆ ಹೇಳುವುದು ಉಳಿದೇಹೋಯಿತು. ಗೈಡ್ ಜೊತೆ ನಡಿಗೆಗೆ 12ರಿಂದ 65 ವರ್ಷದೊಳಗಿನವರಿಗೆ ಮಾತ್ರ ಅವಕಾಶ, ಹಾಗಾಗಿ ಅವರಿಗೂ ಇಲ್ಲ, ಮಕ್ಕಳಿಗೂ ಇಲ್ಲ. ಪಾರ್ಕಿನವರ ಸಂಜೆ ಸಫಾರಿಗೆ 6 ವರ್ಷ ತುಂಬಿದ್ದರೆ ಸಾಕು. ತೆರೆದ ಗಾಡಿ, ಸುಮಾರು ಮೂರು ಗಂಟೆ, ಕಂಬಳಿ ಒಯ್ಯಿರಿ. ಅದರ ಜೊತೆಗೆ ಒಂದು ಬೆಳಗ್ಗೆ ಸ್ಕುಕುಜಾ ಕ್ಯಾಂಪ್ ಬಳಿಯ, ಕೆರೆದಂಡೆಯಲ್ಲಿ ಮರೆಯಲ್ಲಿ ಕೂತು ಹಕ್ಕಿ ನೋಡುವ ಲೇಕ್ ಪ್ಯಾನಿಕ್ ಮರೆಗೂಡಿಗೆ ಮಾವನನ್ನು ಕರೆದೊಯ್ಯಿರಿ. ಕಾರಿನಿಂದ ಇಳಿದು, ಮರದ ಬೆಂಚಿನಲ್ಲಿ ಕೂತು, ನೀರಿನ ಮಟ್ಟದಲ್ಲೇ ಮಿಂಚುಳ್ಳಿ, ಕೊಕ್ಕರೆ, ನೀರಾನೆ ನೋಡಬಹುದು. ಲೋವರ್ ಸಾಬಿಯಿಂದ ಸ್ಕುಕುಜಾಕ್ಕೆ ಸುಮಾರು 45 ಕಿ.ಮೀ., ಹೊಳೆ ಪಕ್ಕದ ಎಚ್4-1 ರಸ್ತೆ. ನಡುವೆ ನ್ಕುಹ್ಲು ತಂಗುದಾಣದಲ್ಲಿ ಶೌಚಾಲಯ ಇದೆ.