‘ಅರ್ತ್ ಇದೆಯಾ?’ ಎಂದು ಕೇಳಬಹುದಾ? ಒಂದು ಪದ, ಎರಡು ಎದುರು ಅರ್ಥ

ಪದಚರ್ಚೆಯ ಗೆಳೆಯರಿಗೆ ಮಂಗಳೂರಿನಿಂದ ನಮಸ್ಕಾರ.

ಒಂದು ಸಣ್ಣ ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಪದ ‘ಅರ್ತ್’. ಕರೆಂಟಿನ ಅರ್ತ್. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಲು ಬಂದಿಲ್ಲ. ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ಆ ವಯರಿಗೆ ಶಾಲೆಯ ವಿಜ್ಞಾನ ಪಾಠದಲ್ಲಿ ‘ಭೂಸಂಪರ್ಕ ತಂತಿ’ ಎಂದು ಇದ್ದೇ ಇದೆ. ನನ್ನ ತೊಂದರೆ ಬೇರೆ. ದಿನನಿತ್ಯದ ಮಾತಿನಲ್ಲಿ ಈ ಪದಕ್ಕೆ ಎರಡು ಅರ್ಥ ಇದೆ. ಒಂದು ನಮ್ಮನ್ನು ಕಾಯುವಂಥದ್ದು, ಇನ್ನೊಂದು ಕೊಲ್ಲುವಂಥದ್ದು. ಹೋದ ತಿಂಗಳು ಇವೆರಡು ನನ್ನೆದುರೇ ಅದಲುಬದಲಾದವು.

ನಾನು ಅನುವಾದದ ಕೆಲಸ ಮಾಡುವವನು. ಕದ್ರಿ ಕಡೆಯ ಒಂದು ಮದುವೆ ಹಾಲಿನವರು ದೊಡ್ಡ ವ್ಯಾಕ್ಯೂಮ್ ಕ್ಲೀನರ್ ತಂದರು. ಧೂಳನ್ನೂ ನೀರನ್ನೂ ಎರಡನ್ನೂ ಎಳೆಯುವ ಮೆಷಿನ್. ಸ್ಟೀಲಿನ ಡ್ರಮ್ಮು, ಕೆಳಗೆ ಚಕ್ರ, 1400 ವ್ಯಾಟಿನ ಮೋಟಾರು. ಜೊತೆಗೆ ಬಂದ ಸುರಕ್ಷತೆಯ ಹಾಳೆ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ತಂದು ಸ್ಟೋರ್ ರೂಮಿನ ಗೋಡೆಗೆ ಅಂಟಿಸಬೇಕು ಎಂದರು. ಕ್ಲೀನಿಂಗಿಗೆ ಇರುವವರು ಆರು ಮಂದಿ. ಮೂವರು ಇಲ್ಲಿಯವರೇ, ಮನೆಮಾತು ತುಳು. ಮೂವರು ಬಾಗಲಕೋಟೆ ಕಡೆಯವರು. ಎಲ್ಲರಿಗೂ ಹೊಂದುವ ಭಾಷೆ ಎಂದರೆ ಕನ್ನಡ.

ನಾನು ಹೋಗುವ ಮೊದಲೇ ಆಫೀಸಿನವರು ಫೋನಿನಲ್ಲಿ ಹಾಳೆಯನ್ನು ಕನ್ನಡ ಮಾಡಿಸಿ ಓದಿ ಹೇಳಿದ್ದರಂತೆ. ಮೂಲದಲ್ಲಿದ್ದ ಪದ ‘ಗ್ರೌಂಡಿಂಗ್’. ಅಮೆರಿಕದವರು ಹಾಗೆನ್ನುತ್ತಾರೆ. ನಮ್ಮ ಎಲೆಕ್ಟ್ರಿಷಿಯನ್ನರು ಬ್ರಿಟಿಷರ ರೂಢಿಯಂತೆ ‘ಅರ್ತಿಂಗ್’ ಎನ್ನುತ್ತಾರೆ. ಫೋನು ಅದನ್ನು ‘ಈ ಯಂತ್ರವನ್ನು ನೆಲಕ್ಕೆ ತಾಗಿಸಿರಬೇಕು’ ಎಂದು ಮಾಡಿತ್ತು. ಇಲ್ಲಿಯ ಅಕ್ಕ ಒಬ್ಬರು ನನ್ನನ್ನು ಕೇಳಿದರು, “ಅದು ನೆಲದಲ್ಲೇ ಉಂಟಲ್ಲ ಮಾರಾಯ್ರೆ? ಚಕ್ರ ಉಂಟಲ್ಲ ಅದಕ್ಕೆ?” ಅವರು ಕೇಳಿದ್ದು ಸರಿಯೇ. ಆ ವಾಕ್ಯಕ್ಕೆ ಕನ್ನಡದಲ್ಲಿ ಬೇರೆ ಅರ್ಥವೇ ಇಲ್ಲ.

ಹಾಗಾಗಿ ‘ನೆಲ’ ಬಿಟ್ಟು, ಎಲ್ಲರೂ ಹೇಳುವ ‘ಅರ್ತ್’ ಪದವನ್ನೇ ಇಟ್ಟುಕೊಂಡೆ. ಬರೆಯುವ ಮೊದಲು ಮೆಷಿನನ್ನು ಒಮ್ಮೆ ನೋಡೋಣ ಎಂದು ಹೋದೆ. ಬಾಗಲಕೋಟೆಯ ಅಕ್ಕ ಕೆಲಸದಲ್ಲಿದ್ದರು. “ಅಕ್ಕ, ಇದಕ್ಕೆ ಅರ್ತ್ ಇದೆಯಾ?” ಎಂದು ಕೇಳಿದೆ.

“ಐತ್ರೀ ಸರ. ನಿನ್ನಿಯಿಂದ ಐತಿ.”

ಸರಿ, ನಿನ್ನೆ ಯಾರೋ ಬಂದು ಜೋಡಿಸಿದ್ದಾರೆ ಎಂದುಕೊಂಡೆ. ಪುಸ್ತಕದಲ್ಲಿ ‘ಅರ್ತ್ ಇದೆ’ ಎಂದು ಬರೆದುಕೊಂಡು ಮನೆಗೆ ಬಂದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಆ ‘ನಿನ್ನಿಯಿಂದ’ ಎನ್ನುವ ಮಾತು ಮತ್ತೆ ನೆನಪಾಯಿತು. ಫೋನ್ ಮಾಡಿ ಕೇಳಿದೆ. ಅವರು ಹೇಳಿದ್ದು ಇಷ್ಟು: ನಿನ್ನೆಯಿಂದ ಡ್ರಮ್ಮು ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಅಷ್ಟು ಗೊತ್ತಾಗುವುದಿಲ್ಲ.

ಕೂಡಲೇ ಮೆಷಿನ್ ನಿಲ್ಲಿಸಿ, ಪ್ಲಗ್ ತೆಗೆಸಿದೆವು. ನಾನು ಕೇಳಿದ್ದು ಕಾಯುವ ವಯರ್ ಇದೆಯಾ ಎಂದು. ಅವರು ಉತ್ತರ ಕೊಟ್ಟದ್ದು ಶಾಕ್ ಇದೆ ಎಂದು. ಇಬ್ಬರೂ ತಪ್ಪು ಮಾತಾಡಿರಲಿಲ್ಲ.

ಆಮೇಲೆ ನಾನು ಈ ಪದ ಎಲ್ಲೆಲ್ಲಿ ಹೇಗೆ ಬರುತ್ತದೆ ಎಂದು ಕಿವಿಗೊಟ್ಟು ಕೇಳತೊಡಗಿದೆ. ಎಲೆಕ್ಟ್ರಿಷಿಯನ್ “ಅರ್ತ್ ಕೊಟ್ಟಿದ್ದೇನೆ” ಎನ್ನುತ್ತಾರೆ, “ಬೋರ್ಡಿಗೆ ಅರ್ತ್ ಎಳೆಯಬೇಕು” ಎನ್ನುತ್ತಾರೆ. ಇಲ್ಲಿ ಅರ್ತ್ ಎಂದರೆ ಹಸಿರು ವಯರ್. ಮನೆಯಲ್ಲಿ ನಾವು “ಮಿಕ್ಸಿಯಲ್ಲಿ ಅರ್ತ್ ಬರ್ತಿದೆ” ಎನ್ನುತ್ತೇವೆ, “ಫ್ರಿಜ್ ಮುಟ್ಟಿದರೆ ಅರ್ತ್ ಹೊಡೀತದೆ” ಎನ್ನುತ್ತೇವೆ. ಇಲ್ಲಿ ಅರ್ತ್ ಎಂದರೆ ಕೈಗೆ ತಾಗುವ ಕರೆಂಟ್. ಮಳೆಗಾಲದಲ್ಲಿ ತಂತಿಗೆ ಮರದ ಕೊಂಬೆ ತಾಗಿದರೆ ಲೈನ್‌ಮ್ಯಾನ್ “ಲೈನ್ ಅರ್ತ್ ಆಗಿದೆ” ಎನ್ನುತ್ತಾರೆ. ಅದೂ ತೊಂದರೆಯ ಮಾತೇ.

ಗಮನಿಸಿ, ಅರ್ಥ ಹೇಳುತ್ತಿರುವುದು ನಾಮಪದ ಅಲ್ಲ, ಕ್ರಿಯಾಪದ. ಕೊಡು, ಎಳೆ, ಹಾಕು ಬಂದರೆ ಅದು ಕಾವಲು. ಬರು, ಹೊಡೆ, ಆಗು ಬಂದರೆ ಅದು ಅಪಾಯ. ‘ಇರು’ ಮಾತ್ರ ಎರಡು ಕಡೆಗೂ ಸಲ್ಲುತ್ತದೆ. ನಾನು ಕೇಳಿದ್ದು ಆ ‘ಇರು’ ಬಳಸಿಯೇ. ಸುರಕ್ಷತೆಯ ಹಾಳೆಗಳಲ್ಲಿ ಕಾಣುವ ‘ಅರ್ತ್ ಪರೀಕ್ಷಿಸಿ’, ‘ಅರ್ತ್ ಗಮನಿಸಿ’ ಕೂಡ ಹೀಗೇ ಎರಡು ಕಡೆಗೂ ವಾಲುತ್ತವೆ. ಕೆಲಸ ಮಾಡುವವರು ಅದನ್ನು ಓದಿ ಡ್ರಮ್ಮು ಮುಟ್ಟಿ ನೋಡಿದರೆ ಏನು ಗತಿ? ಅದು ನನಗೆ ನಿಜವಾದ ಭಯ.

ಒಂದೇ ಪದ ಹೀಗೆ ಎರಡು ಕಡೆ ಹೋದದ್ದು ಯಾಕೆ? ನನಗೆ ಅನ್ನಿಸುವುದು ಹೀಗೆ. ಮೆಷಿನಿನ ಒಳಗೆ ಫೇಸ್ ವಯರಿನ, ಅಂದರೆ ಕರೆಂಟ್ ಬರುವ ವಯರಿನ, ಹೊದಿಕೆ ಎಲ್ಲೋ ಸವೆದು ಸ್ಟೀಲಿಗೆ ತಾಗುತ್ತದೆ. ಅಥವಾ ಒದ್ದೆ ಧೂಳು ಕೂತು ದಾರಿಯಾಗುತ್ತದೆ. ಆಗ ಹೊರಮೈಗೆ ಕರೆಂಟ್ ಬರುತ್ತದೆ. ಅರ್ತ್ ವಯರ್ ಸರಿ ಇದ್ದರೆ ಆ ಕರೆಂಟ್ ಅದರಲ್ಲೇ ಸಲೀಸಾಗಿ ಹೋಗುತ್ತದೆ. ಜೋರಾಗಿ ಹೋದರೆ ಫ್ಯೂಸು ಹಾರುತ್ತದೆ, ಇಲ್ಲವೇ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ. ವಯರ್ ಇಲ್ಲದಿದ್ದರೆ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಡ್ರಮ್ಮು ಮುಟ್ಟಿದವರ ಮೈಯೇ ಮಣ್ಣಿಗೆ ಹೋಗುವ ದಾರಿಯಾಗುತ್ತದೆ. ಅಂದರೆ ಆ ಕ್ಷಣ ಅವರೇ ಅರ್ತ್ ವಯರ್. ‘ಅರ್ತ್ ಹೊಡೆಯಿತು’ ಎನ್ನುವ ಮಾತು ಬಂದದ್ದು ಅಲ್ಲಿಂದಲೇ ಇರಬೇಕು. ಅರ್ತ್ ಇಲ್ಲದಾಗಲೇ ಅರ್ತ್ ಬರುವುದು.

ಹಾಲಿನಲ್ಲಿ ಆದದ್ದೂ ಇದೇ. ಮೆಷಿನಿನ ಪ್ಲಗ್ಗಿಗೆ ಮೂರು ಪಿನ್ನು ಇತ್ತು, ಗೋಡೆಯ ಪಾಯಿಂಟಿನಲ್ಲೂ ಮೂರು ತೂತು ಇತ್ತು. ನಡುವೆ ಇದ್ದ ಎಕ್ಸ್‌ಟೆನ್ಶನ್ ಬಾಕ್ಸಿಗೂ ಮೂರು ತೂತು. ಆದರೆ ಆ ಬಾಕ್ಸಿನ ವಯರಿನಲ್ಲಿ ಎಳೆ ಎರಡೇ. ಮೂರನೇ ತೂತಿನ ಹಿಂದೆ ಏನೂ ಇರಲಿಲ್ಲ. ನೋಡಿದವರಿಗೆ ಎಲ್ಲಾ ಸರಿ ಇದ್ದಂತೆ ಕಾಣುತ್ತದೆ ಅಲ್ವಾ? ಅದೇ ಅದರ ಕೆಟ್ಟತನ. ಅಲಂಕಾರದವರು, ಲೈಟಿನವರು ಬಂದಾಗ ಪ್ಲಗ್ಗೇ ಇಲ್ಲದೆ ಬರಿ ವಯರನ್ನು ಬೆಂಕಿಕಡ್ಡಿಯಲ್ಲಿ ಸಿಕ್ಕಿಸುವುದನ್ನೂ ಅಲ್ಲಿ ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು.

ಮೂರನೇ ಪಿನ್ನಿನ ವಿಷಯ ಹೇಳಲೇಬೇಕು, ಯಾಕೆಂದರೆ ಅದರ ಆಕಾರದಲ್ಲೇ ಅರ್ಥ ಇದೆ. ಅದು ಉಳಿದ ಎರಡಕ್ಕಿಂತ ಉದ್ದ, ದಪ್ಪ. ಉದ್ದ ಯಾಕೆಂದರೆ ಪ್ಲಗ್ ಚುಚ್ಚುವಾಗ ಮೊದಲು ಅದು ತಾಗಬೇಕು, ತೆಗೆಯುವಾಗ ಕೊನೆಗೆ ಅದು ಬಿಡಬೇಕು. ದಪ್ಪ ಯಾಕೆಂದರೆ ತಪ್ಪಿ ಕೂಡ ಫೇಸಿನ ತೂತಿಗೆ ಹೋಗಬಾರದು. ಮೊದಲು ಬಂದು ಕೊನೆಗೆ ಹೋಗುವವನು. ಇದನ್ನು ಹೇಳಿದಾಗ ಆರೂ ಮಂದಿಗೆ ತಟ್ಟನೆ ಹೊಳೆಯಿತು. ‘ಮನೆಯ ಯಜಮಾನ ಇದ್ದ ಹಾಗೆ’ ಎಂದು ಒಬ್ಬರು ಹೇಳಿದರು. ‘ಯಜಮಾನ ಪಿನ್ನು’ ಎಂದು ಬರೆದರೆ ಹೇಗೆ ಎಂದು ನಾನು ಯೋಚಿಸುತ್ತಲೇ ಇದ್ದೇನೆ.

ಈಗ ಪದಗಳಿಗೆ ಬರುತ್ತೇನೆ.

‘ಭೂಸಂಪರ್ಕ’ ತಪ್ಪಲ್ಲ. ಆದರೆ ‘ಭೂ’ ಎಂದ ಕೂಡಲೇ ಜನಕ್ಕೆ ನೆನಪಾಗುವುದು ಭೂದಾಖಲೆ, ಭೂಸ್ವಾಧೀನ. ‘ಸಂಪರ್ಕಿಸಿ’ ಎಂದರೆ ಫೋನ್ ಮಾಡಿ. ಗೋಡೆಯ ಹಾಳೆಯಲ್ಲಿ ಈ ಪದ ಓದಿ ಯಾರ ಕೈಯೂ ಹಿಂದೆ ಸರಿಯುವುದಿಲ್ಲ. ‘ನೆಲತಂತಿ’ ಚೆನ್ನಾಗಿದೆ. ಆದರೆ ಕೇಳಿದವರು ನೆಲದ ಮೇಲೆ ಬಿದ್ದ ತಂತಿ ಎಂದುಕೊಂಡರು. ‘ಕಾವಲು ವಯರ್’ ನನಗೆ ತುಂಬಾ ಹಿಡಿಸಿತು. ಅದರಲ್ಲಿ ಗೊಂದಲವೇ ಇಲ್ಲ, ಕಾವಲು ಎಂದಮೇಲೆ ಅದು ಹೊಡೆಯಲು ಸಾಧ್ಯವಿಲ್ಲ. ಆದರೆ ನಾಳೆ ಅವರು ಎಲೆಕ್ಟ್ರಿಷಿಯನ್ನನಿಗೆ “ಕಾವಲು ವಯರ್ ನೋಡಣ್ಣ” ಎಂದರೆ ಆತನಿಗೆ ಗೊತ್ತಾಗಬೇಕಲ್ಲ? ಅದಕ್ಕೇ ಸದ್ಯಕ್ಕೆ ‘ಅರ್ತಿನ ಕಾವಲು ವಯರ್’ ಎಂದು ಜೋಡಿಸಿ ಬರೆದಿದ್ದೇನೆ. ಉದ್ದವಾಯಿತಾ?

ಇನ್ನೊಂದು, ‘ಬಾಡಿ’. ರಿಪೇರಿಯವರು “ಬಾಡಿಗೆ ಕರೆಂಟ್ ಬರ್ತಿದೆ” ಎನ್ನುತ್ತಾರೆ. ಬಾಯಲ್ಲಿ ಹೇಳುವಾಗ ಸರಿ. ಬರೆದರೆ ಬಾಡಿಗೆಯ ಕರೆಂಟ್ ಆಗುತ್ತದೆ. ‘ಮೈಗೆ’ ಎಂದರೆ ಮನುಷ್ಯರ ಮೈ. ‘ಹೊರಮೈ’ ಎಂದು ಬರೆದೆ, ಎಲ್ಲರಿಗೂ ಗೊತ್ತಾಯಿತು.

ಆಮೇಲೆ ಒಂದು ವ್ಯತ್ಯಾಸ. ಇದನ್ನು ಕನ್ನಡ ಎಷ್ಟು ಚೆನ್ನಾಗಿ ಹೇಳುತ್ತದೆ ನೋಡಿ. ಹಾಲಿನ ಆಫೀಸಿನಲ್ಲಿ ಒಂದು ಸಣ್ಣ ವ್ಯಾಕ್ಯೂಮ್ ಇದೆ. ಪ್ಲಾಸ್ಟಿಕ್ ಮೈ, ಎರಡೇ ಪಿನ್ನು. ದೊಡ್ಡ ಮೆಷಿನಿನ ಗಲಾಟೆ ಆದಮೇಲೆ ಅದನ್ನೂ ಮುಟ್ಟಲು ಹೆದರಿದರು. ಅದರ ಮೇಲೆ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದೆ. ಒಳಗಿನ ವಯರುಗಳಿಗೆ ಎರಡು ಪದರದ ಕಾಪು ಇದೆ ಎಂದು ಅದರ ಅರ್ಥ. ಅಂಥದ್ದಕ್ಕೆ ಮೂರನೇ ವಯರ್ ಬೇಕಾಗಿಲ್ಲ. ಅದು ‘ಅರ್ತ್ ಬೇಡದ’ ಮೆಷಿನ್. ಮೂರನೇ ವಯರ್ ಸಿಗದ ಸ್ಟೀಲ್ ಡ್ರಮ್ಮಿನದು ‘ಅರ್ತ್ ಇಲ್ಲದ’ ಮೆಷಿನ್. ಬೇಡ, ಇಲ್ಲ. ಎರಡು ಸಣ್ಣ ಪದಗಳಲ್ಲಿ ಪೂರ್ತಿ ವಿಷಯ ಬಂತು. ಇಂಗ್ಲಿಷ್ ಹಾಳೆಯಲ್ಲಿ ಇದಕ್ಕೆ ಅರ್ಧ ಪುಟ ಬೇಕಾಗಿತ್ತು.

ಹಾಲಿನ ಹಿಂದೆ, ಬಾವಿಯ ಹತ್ತಿರ, ಅರ್ತ್ ಗುಂಡಿ ಇದೆ. ಒಂದು ಪೈಪು ಹುಗಿದು ಸುತ್ತ ಇದ್ದಿಲು, ಉಪ್ಪು ತುಂಬಿದ್ದಾರೆ. ನಮ್ಮದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ನೆಲ. ಏಪ್ರಿಲ್, ಮೇ ತಿಂಗಳಲ್ಲಿ ಒಣಗಿದರೆ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ. ಸಮುದ್ರದ ಉಪ್ಪುಗಾಳಿಗೆ ಪೈಪು, ಕ್ಲಾಂಪು ತುಕ್ಕು ಹಿಡಿಯುವುದೂ ಜಾಸ್ತಿ. ಅಲ್ಲಿಯ ಹಳೆಯ ಎಲೆಕ್ಟ್ರಿಷಿಯನ್ “ಅರ್ತಿಗೆ ನೀರು ಹಾಕಿ” ಎನ್ನುತ್ತಾರೆ, ಗಿಡಕ್ಕೆ ಹಾಕಿ ಎಂದ ಹಾಗೆ. ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. “ಪ್ಲಗ್ಗಿನ ಆ ದಪ್ಪ ಪಿನ್ನಿಂದ ಈ ಗುಂಡಿಯ ತನಕ ಒಂದೇ ದಾರಿ. ನಡುವೆ ಎಲ್ಲಿ ಕಡಿದರೂ ನೀವೇ ದಾರಿ” ಎಂದೆ. ಬಾಗಲಕೋಟೆಯ ಅಕ್ಕ ಗುಂಡಿ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ಮರುದಿನ ಆ ಗುಂಡಿಗೆ ನೀರು ಹಾಕಿದ್ದು ಅವರೇ.

ಹಾಲಿನವರು ಆಮೇಲೆ ಆ ಎಕ್ಸ್‌ಟೆನ್ಶನ್ ಬಾಕ್ಸ್ ಎಸೆದು, ಮೆಷಿನ್ ರಿಪೇರಿ ಮಾಡಿಸಿ, ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದರು. ಎಂಸಿಬಿ ಇದೆಯಲ್ಲ, ಮತ್ತೆ ಯಾಕೆ ಎಂದು ಕೇಳಿದವರಿದ್ದಾರೆ. 16 ಆಂಪಿಯರಿನ ಎಂಸಿಬಿ ಕಾಯುವುದು ವಯರನ್ನು. ಮನುಷ್ಯನ ಮೈಯಲ್ಲಿ ಹತ್ತಿಪ್ಪತ್ತು ಮಿಲಿ ಆಂಪಿಯರ್ ಹರಿದರೆ ಹಿಡಿದ ಕೈ ಬಿಡಲು ಆಗದೆ ಹೋಗಬಹುದು. ಅದು ಎಂಸಿಬಿಗೆ ಗೊತ್ತೂ ಆಗುವುದಿಲ್ಲ. ಆರ್‌ಸಿಸಿಬಿ ಹೋದ ಕರೆಂಟ್, ವಾಪಸ್ ಬಂದ ಕರೆಂಟ್ ಎರಡನ್ನೂ ತಾಳೆ ನೋಡುತ್ತದೆ. ಲೆಕ್ಕ ತಪ್ಪಿದರೆ ಬೀಳುತ್ತದೆ. ‘ಬೀಳುತ್ತದೆ’, ‘ಎತ್ತಿ ಹಾಕು’ ಇವು ನಮ್ಮ ಮಾತಿನಲ್ಲಿ ಚೆನ್ನಾಗಿ ಬೇರೂರಿವೆ, ಹಾಗೇ ಇಟ್ಟೆ.

ಉಳಿದ ಸೂಚನೆಗಳಿಗೆ ಪದ ಹುಡುಕುವ ಕಷ್ಟ ಬರಲಿಲ್ಲ. 1400 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ 6 ಆಂಪಿಯರಿಗಿಂತ ಸ್ವಲ್ಪ ಜಾಸ್ತಿ, ಹಾಗಾಗಿ ದೊಡ್ಡ 16 ಆಂಪಿಯರ್ ಪಾಯಿಂಟಿಗೇ ಹಾಕಿ. ವಯರ್ ಹಿಡಿದು ಎಳೆಯಬೇಡಿ. ಸುತ್ತಿದ ವಯರ್ ಬಿಸಿಯಾಗುತ್ತದೆ, ಪೂರ್ತಿ ಬಿಚ್ಚಿ. ನೀರು ಎಳೆಯುವ ಮೊದಲು ಧೂಳಿನ ಚೀಲ ತೆಗೆಯಿರಿ. ಹೋಮದ ಬೂದಿ ಎಳೆಯಬೇಡಿ, ಒಳಗೆ ಕೆಂಡ ಇರಬಹುದು. ಅದಕ್ಕೆ ಹಿಡಿಸೂಡಿಯೇ ಒಳ್ಳೆಯದು, ಅದೂ ಬೂದಿ ತಣ್ಣಗಾದ ಮೇಲೆ.

ನಾನು ಬರೆದ ಮುಖ್ಯ ವಾಕ್ಯಗಳು ಹೀಗಿವೆ:

“ಮೆಷಿನ್ ಮುಟ್ಟಿದಾಗ ಜುಮ್ ಎಂದರೆ ಕೂಡಲೇ ಕೈ ಬಿಡಿ. ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆಯಿರಿ. ಚಪ್ಪಲಿ ಹಾಕಿಕೊಂಡು ಕೆಲಸ ಮುಂದುವರಿಸಬೇಡಿ. ಸ್ವಲ್ಪ ಜುಮ್ ಎಂದರೂ ಹೇಳಿ. ಅರ್ತಿನ ಕಾವಲು ವಯರ್ ಕೊಟ್ಟಿದ್ದಾರಾ ಎಂದು ಎಲೆಕ್ಟ್ರಿಷಿಯನ್ ನೋಡಿ ಹೇಳುವ ತನಕ ಆ ಮೆಷಿನ್ ಬಳಸಬೇಡಿ. ಬಿದ್ದ ಸ್ವಿಚ್ಚನ್ನು ಎತ್ತುವ ಮೊದಲು ಮೆಷಿನಿನ ಪ್ಲಗ್ ತೆಗೆಯಿರಿ.”

ನನ್ನ ಪ್ರಶ್ನೆಗಳು ಇವು. ನಿಮ್ಮ ಊರಿನಲ್ಲಿ ‘ಅರ್ತ್ ಬರ್ತಿದೆ’ ಎಂದರೆ ಶಾಕ್ ಎಂದೇ ಅರ್ಥವಾ? ಧಾರವಾಡ, ಮೈಸೂರು, ಶಿವಮೊಗ್ಗ, ಕುಂದಾಪುರದವರು ಹೇಳಿ. ಆ ಸಣ್ಣ ಶಾಕಿಗೆ ನಾನು ‘ಜುಮ್’ ಎಂದು ಬರೆದಿದ್ದೇನೆ. ಆದರೆ ಸಂತೋಷಕ್ಕೂ, ಚಳಿಗೂ ಮೈ ಜುಮ್ ಎನ್ನುತ್ತದೆ. ಇದಕ್ಕೇ ಆಗುವ, ಕೇಳಿದ ಕೂಡಲೇ ಕೈ ತೆಗೆಯಬೇಕು ಅನ್ನಿಸುವ ಪದ ನಿಮ್ಮ ಕಡೆ ಇದೆಯಾ? ಹಾಳೆಯನ್ನು ಬರುವ ವಾರ ಅಚ್ಚಿಗೆ ಕೊಡಬೇಕು. ಅಷ್ಟರೊಳಗೆ ಒಂದು ಸಾಲು ಬರೆದರೂ ಸಾಕು.